ದಮ್ಮಿದ್ದರೆ ಸಾಲದು

ಆಲ್ಪ್ಸ್ ಪರ್ವತಗಳ ಎತ್ತರದ ತಂಗುಮನೆಗಳಿಗೆ ಒಂದು ದಿನದ ಕಠಿಣ ಚಾರಣ ಹೊರಡುವವರಿಗೆ ಸಿಗುವ ಸಲಹೆಗಳನ್ನೆಲ್ಲ ಸೋಸಿದರೆ ಕೊನೆಗೆ ಉಳಿಯುವುದು ಒಂದೇ ಮಾತು: ದಮ್ಮಿದ್ದರೆ ಹೋಗಿ, ಇಲ್ಲದಿದ್ದರೆ ಬೇಡ. ಕೆಲವು ವಾರ ಮೆಟ್ಟಿಲು ಹತ್ತಿ ಅಭ್ಯಾಸ ಮಾಡಿ, ಬೆನ್ನಿಗೆ ಭಾರ ಹೊತ್ತು ನಡೆಯಿರಿ, ಬಸ್ಕಿ ಹೊಡೆಯಿರಿ, ಗಂಟೆಗೆ ಇಷ್ಟು ಮೀಟರ್ ಏರುವಂತಾದರೆ ನೀವು ಸಿದ್ಧ ಎನ್ನುತ್ತಾರೆ. ಅಪಘಾತದ ಸುದ್ದಿ ಬಂದಾಗಲೂ ಇದೇ ನಂಬಿಕೆ ಮಗುಚಿ ಹಾಕಿದ ರೂಪದಲ್ಲಿ ಕೇಳಿಸುತ್ತದೆ. ಬಿದ್ದವರು ತಯಾರಿ ಇಲ್ಲದವರು, ಮೈಭಾರದವರು, ಕ್ಯಾನ್ವಾಸ್ ಶೂ ಹಾಕಿಕೊಂಡು ಬಂದವರು ಎಂದು ಕೇಳುಗರು ತಮಗೆ ತಾವೇ ಸಮಾಧಾನ ಹೇಳಿಕೊಳ್ಳುತ್ತಾರೆ. ಯುರೋಪಿನವರಷ್ಟೇ ಅಲ್ಲ, ಮ್ಯೂನಿಕ್, ಜ್ಯೂರಿಕ್‌ಗಳಲ್ಲಿ ಕೆಲಸಕ್ಕಿದ್ದು ವಾರಾಂತ್ಯಕ್ಕೆ ಬೆಟ್ಟ ಹತ್ತುವ ನಮ್ಮ ಕನ್ನಡಿಗರೂ ಇದನ್ನೇ ನಂಬಿದ್ದಾರೆ. ಮ್ಯಾರಥಾನ್ ಓಡಿದವನಿಗೆ ತಂಗುಮನೆ ಯಾವ ಲೆಕ್ಕ ಎಂಬ ಮಾತು ಅವರ ನಡುವೆಯೂ ಸಲೀಸಾಗಿ ಓಡಾಡುತ್ತದೆ. ಈ ನಂಬಿಕೆ ತಪ್ಪು ಮಾತ್ರವಲ್ಲ, ಜೀವಕ್ಕೆ ಅಪಾಯಕಾರಿ ಎಂಬುದು ನನ್ನ ವಾದ. ಎತ್ತರದ ತಂಗುಮನೆಯ ದಾರಿ ನಮ್ಮಿಂದ ಮುಖ್ಯವಾಗಿ ಕೇಳುವುದು ವಿವೇಚನೆಯನ್ನು: ಎಲ್ಲಿ ಕಾಲಿಡಬೇಕು, ಎಷ್ಟು ಹೊತ್ತಿಗೆ ಎಲ್ಲಿರಬೇಕು, ಯಾವಾಗ ಹಿಂದಿರುಗಬೇಕು ಎಂಬ ತಿಳಿವನ್ನು. ಬರೀ ಕಸುವು ಮಾಡುವ ಕೆಲಸವೆಂದರೆ ಆ ತಿಳಿವು ಇಲ್ಲದವರನ್ನು ಇನ್ನಷ್ಟು ಮೇಲಕ್ಕೆ, ಇನ್ನಷ್ಟು ಬೇಗ ತಲುಪಿಸುವುದು.

ಮಾತು ಗಾಳಿಯಲ್ಲಿ ತೇಲಬಾರದೆಂದರೆ ಒಂದು ದಾರಿಯನ್ನು ಹಿಡಿದುಕೊಂಡೇ ಯೋಚಿಸಬೇಕು. ಸ್ವಿಟ್ಜರ್ಲೆಂಡಿನ ವಲೈ ಪ್ರಾಂತ್ಯದಲ್ಲಿ ಸಾಸ್-ಫೇ ಎಂಬ ಊರಿದೆ. ಕಾರುಗಳಿಗೆ ಪ್ರವೇಶವಿಲ್ಲದ ಆ ಊರು ಸುಮಾರು 1,800 ಮೀಟರ್ ಎತ್ತರದಲ್ಲಿದೆ. ಅದರ ನೆತ್ತಿಯ ಮೇಲೆ, 3,340 ಮೀಟರ್ ಎತ್ತರದಲ್ಲಿ, ಜ್ಯೂರಿಕ್‌ನ ಅಕಾಡೆಮಿಕ್ ಆಲ್ಪೈನ್ ಕ್ಲಬ್‌ಗೆ ಸೇರಿದ ಮಿಶಾಬೆಲ್ ತಂಗುಮನೆ ನಿಂತಿದೆ. ಕರ್ನಾಟಕದ ಅತಿ ಎತ್ತರದ ಜಾಗವಾದ ಮುಳ್ಳಯ್ಯನಗಿರಿ 1,930 ಮೀಟರ್. ಅಂದರೆ ನಮ್ಮ ನಾಡಿನ ನೆಲ ಮುಗಿಯುವ ಎತ್ತರಕ್ಕೆ ಹತ್ತಿರದಲ್ಲೇ ಈ ಚಾರಣ ಶುರುವಾಗುತ್ತದೆ, ಅಲ್ಲಿಂದ ಮೇಲೆ ಒಂದೂವರೆ ಕಿಲೋಮೀಟರ್ ಏರುತ್ತದೆ. ಹಾನಿಗ್ ಎಂಬಲ್ಲಿಗೆ ತೊಟ್ಟಿಲು ಗಾಡಿ ಹಿಡಿದರೆ ಸುಮಾರು 500 ಮೀಟರ್ ಏರು ತಪ್ಪುತ್ತದೆ. ಕೆಳಗಿನ ಭಾಗದಲ್ಲಿ ಮರಗಳ ನಡುವೆ, ಆಮೇಲೆ ಹುಲ್ಲಿನ ಇಳಿಜಾರಿನಲ್ಲಿ ದಾರಿ ಅಂಕುಡೊಂಕಾಗಿ ಹತ್ತುತ್ತದೆ. ಅಲ್ಲಿಯವರೆಗೆ ಇದು ನಡಿಗೆಯೇ. ಮೇಲಿನ ಭಾಗದಲ್ಲಿ ಹುಲ್ಲು ಮುಗಿದು ಬಂಡೆಯ ಏಣು ಎದುರಾಗುತ್ತದೆ. ಕಡಿದಾದ ಕಡೆ ಉಕ್ಕಿನ ಹಗ್ಗ ಬಿಗಿದಿದ್ದಾರೆ, ಕಾಲಿಡಲು ಕಬ್ಬಿಣದ ಗೂಟ ಹೊಡೆದಿದ್ದಾರೆ. ಹಿಮನದಿಯನ್ನು ದಾಟುವ ಪ್ರಸಂಗವಿಲ್ಲ, ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಹೋಗುವ ದಾರಿಯೂ ಇದಲ್ಲ. ಒಟ್ಟು ನಾಲ್ಕರಿಂದ ಐದು ಗಂಟೆ. ನಾಡೆಲ್‌ಹಾರ್ನ್, ಲೆನ್ಸ್‌ಷ್ಪಿಟ್ಸೆಯಂಥ 4,000 ಮೀಟರ್ ಮೀರಿದ ಶಿಖರಗಳಿಗೆ ಹೋಗುವವರು ಹಿಂದಿನ ರಾತ್ರಿ ಇಲ್ಲಿ ತಂಗುತ್ತಾರೆ. ಶಿಖರದ ಹಂಬಲವಿಲ್ಲದ ಚಾರಣಿಗರಿಗೆ ಈ ಮನೆಯೇ ಗುರಿ. ಇಂಥ ದಾರಿಯನ್ನು ಕಂಡಾಗಲೇ ದಮ್ಮಿನ ವಾದ ಹುಟ್ಟುವುದು. ಹಗ್ಗ ಬೇಡ, ಹಿಮಗೊಡಲಿ ಬೇಡ, ಬರೀ ಏರು ತಾನೇ? ಏರಲು ಬೇಕಾದ್ದು ಶ್ವಾಸಕೋಶ, ತೊಡೆ.

ಆ ವಾದಕ್ಕೆ ದಾರಿಯ ಫಲಕವೇ ಮೊದಲ ಆಧಾರವಾಗಿ ಒದಗುತ್ತದೆ. ಸ್ವಿಟ್ಜರ್ಲೆಂಡಿನಲ್ಲಿ ಸುಮಾರು 65,000 ಕಿಲೋಮೀಟರ್ ಉದ್ದದ ಗುರುತು ಹಾಕಿದ ನಡೆದಾರಿಗಳಿವೆ. 1979ರಲ್ಲಿ ಜನಮತ ನಡೆಸಿ ಕಾಲುದಾರಿಗಳ ಸಂರಕ್ಷಣೆಯನ್ನು ಸಂವಿಧಾನದೊಳಗೇ ಸೇರಿಸಿಕೊಂಡ ದೇಶ ಅದು. ಅಲ್ಲಿನ ಹಳದಿ ಫಲಕಗಳು ದೂರವನ್ನಲ್ಲ, ಸಮಯವನ್ನು ಹೇಳುತ್ತವೆ. ಆ ಸಮಯವನ್ನು ಲೆಕ್ಕ ಹಾಕುವುದು ನೆಲದ ಏರಿಳಿತಕ್ಕೆ ತಕ್ಕಂತೆ ಒಂದು ಸೂತ್ರದಿಂದ. ಸಮತಟ್ಟಿನಲ್ಲಿ ಗಂಟೆಗೆ 4.2 ಕಿಲೋಮೀಟರ್ ನಡೆಯುವವರನ್ನು ಮನಸ್ಸಿನಲ್ಲಿಟ್ಟುಕೊಂಡ ಸೂತ್ರ ಅದು, ವಿಶ್ರಾಂತಿಯ ಹೊತ್ತು ಅದರಲ್ಲಿ ಸೇರಿಲ್ಲ. ಈ ಫಲಕದೊಂದಿಗೆ ಚಾರಣಿಗರು ಪಂದ್ಯಕ್ಕಿಳಿಯುತ್ತಾರೆ. ನಾಲ್ಕೂವರೆ ಗಂಟೆ ಎಂದು ಬರೆದ ದಾರಿಯನ್ನು ಮೂರು ಗಂಟೆಯಲ್ಲಿ ಮುಗಿಸಿದರೆ ಪರೀಕ್ಷೆ ಪಾಸಾದಂತೆ. ಆದರೆ ಫಲಕ ದಾರಿಯ ಉದ್ದ ಮತ್ತು ಏರನ್ನು ಗಂಟೆಗಳಿಗೆ ತಿರುಗಿಸಿ ಹೇಳುತ್ತದೆಯೇ ಹೊರತು ದಾರಿಯ ಸ್ವಭಾವವನ್ನಲ್ಲ. ಸ್ವಭಾವ ತಿಳಿಯಬೇಕೆಂದರೆ ಬಂಡೆಯ ಮೇಲಿನ ಬಣ್ಣ ನೋಡಬೇಕು: ಬಿಳಿ-ಕೆಂಪು-ಬಿಳಿ ಪಟ್ಟಿ ಇದ್ದರೆ ಬೆಟ್ಟದ ದಾರಿ, ಬಿಳಿ-ನೀಲಿ-ಬಿಳಿ ಇದ್ದರೆ ಅದಕ್ಕೂ ಕಷ್ಟದ ಆಲ್ಪೈನ್ ದಾರಿ. ಸ್ವಿಸ್ ಆಲ್ಪೈನ್ ಕ್ಲಬ್ ಇದನ್ನೇ ಟಿ1 ರಿಂದ ಟಿ6 ರವರೆಗೆ ಆರು ದರ್ಜೆ ಮಾಡಿದೆ. ಮಿಶಾಬೆಲ್ ದಾರಿಯನ್ನು ಸಾಮಾನ್ಯವಾಗಿ ಟಿ4 ಎನ್ನುತ್ತಾರೆ. ಈ ದರ್ಜೆಗಳನ್ನು ಓದಿ ನೋಡಿ. ಎಷ್ಟು ಮೀಟರ್ ಏರಬೇಕು, ಎಷ್ಟು ಹೊತ್ತು ನಡೆಯಬೇಕು ಎಂಬುದರ ಮೇಲೆ ದರ್ಜೆ ನಿಂತಿಲ್ಲ. ಕೈ ಬಳಸಬೇಕೇ, ಕಾಲು ಜಾರಿದರೆ ಎಲ್ಲಿಗೆ ಬೀಳುತ್ತೀರಿ, ದಾರಿ ಕಣ್ಣಿಗೆ ಕಾಣುತ್ತದೆಯೇ ಅಥವಾ ನೀವೇ ಹುಡುಕಿಕೊಳ್ಳಬೇಕೇ ಎಂಬುದರ ಮೇಲೆ ನಿಂತಿದೆ. ಅದೂ ನೆಲ ಒಣಗಿ, ಹವೆ ಚೆನ್ನಾಗಿರುವ ದಿನದ ಮಟ್ಟಿಗೆ. ಪರ್ವತವನ್ನು ಬಲ್ಲವರೇ ಕೂತು ಕಷ್ಟವನ್ನು ಅಳೆದಾಗ ದಮ್ಮನ್ನು ಅಳತೆಗೋಲಿನಿಂದ ಹೊರಗಿಟ್ಟರು. ದಮ್ಮಿನ ವಾದಿಗಳು ಉತ್ತರ ಕೊಡಬೇಕಾದ ಮೊದಲ ಸಂಗತಿ ಇದು.

ಎರಡನೆಯದು ಎತ್ತರ. 3,340 ಮೀಟರಿನಲ್ಲಿ ಗಾಳಿಯ ಒತ್ತಡ ಸಮುದ್ರ ಮಟ್ಟದ ಮೂರರಲ್ಲಿ ಎರಡು ಪಾಲಿನಷ್ಟು ಮಾತ್ರ. ಜ್ಯೂರಿಕ್ ಇರುವುದು ಸುಮಾರು 400 ಮೀಟರಿನಲ್ಲಿ. ಬೆಳಗಿನ ರೈಲು ಹಿಡಿದು, ಬಸ್ಸು ಬದಲಿಸಿ, ಸಂಜೆಗೆ ತಂಗುಮನೆ ಮುಟ್ಟುವವರು ಒಂದೇ ಹಗಲಿನಲ್ಲಿ 2,900 ಮೀಟರ್ ಮೇಲೇರಿರುತ್ತಾರೆ. ಇದು ದೇಹಕ್ಕೆ ಏನು ಮಾಡುತ್ತದೆ ಎಂಬುದಕ್ಕೆ ತಂಗುಮನೆಗಳಲ್ಲೇ ನಡೆದ ಒಂದು ಅಧ್ಯಯನವಿದೆ. ಮಾರ್ಕೊ ಮಜ್ಜೊರಿನಿ ಮತ್ತು ಸಂಗಡಿಗರು ನಾಲ್ಕು ತಂಗುಮನೆಗಳಲ್ಲಿ 466 ಜನರನ್ನು ಪರೀಕ್ಷಿಸಿ 1990ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಫಲಿತಾಂಶ ಪ್ರಕಟಿಸಿದರು. ಎತ್ತರದ ಕಾಯಿಲೆ 2,850 ಮೀಟರಿನಲ್ಲಿ ನೂರಕ್ಕೆ 9 ಜನರಿಗೆ, 3,050 ಮೀಟರಿನಲ್ಲಿ 13 ಜನರಿಗೆ ಕಂಡಿತ್ತು. 3,650 ಮೀಟರಿಗೆ ಹೋಗುವ ಹೊತ್ತಿಗೆ ಅದು 34ಕ್ಕೆ ಏರಿತ್ತು, 4,559 ಮೀಟರಿನಲ್ಲಿ ಅರ್ಧಕ್ಕಿಂತ ಹೆಚ್ಚು ಜನರಿಗೆ, ಅಂದರೆ 53 ಜನರಿಗೆ ಇತ್ತು. ಈ ಏಣಿಯಲ್ಲಿ ಮಿಶಾಬೆಲ್‌ನ ಜಾಗ ಎರಡನೆಯ ಮತ್ತು ಮೂರನೆಯ ಮೆಟ್ಟಿಲಿನ ನಡುವೆ. ಓಟಗಾರನಿಗೆ ಈ ಕಾಯಿಲೆ ಬರುವುದಿಲ್ಲ ಎಂದು ನಂಬುವವರಿದ್ದಾರೆ. ದೇಹದಾರ್ಢ್ಯ ಇದರಿಂದ ಕಾಪಾಡುವುದಿಲ್ಲ ಎಂಬುದು ಎತ್ತರದ ವೈದ್ಯಕೀಯದಲ್ಲಿ ಎಂದೋ ಇತ್ಯರ್ಥವಾದ ಮಾತು. ಹುಟ್ಟಿನಿಂದ ಬಂದ ಗುಣ, ಎಷ್ಟು ಬೇಗ ಏರಿದಿರಿ, ಹಿಂದಿನ ರಾತ್ರಿ ಎಲ್ಲಿ ಮಲಗಿದ್ದಿರಿ ಎಂಬುವು ಇದನ್ನು ತೀರ್ಮಾನಿಸುತ್ತವೆ. ನಿಧಾನಿಗಳಿಗೆ ಇಲ್ಲದ ಒಂದು ಅಪಾಯ ಗಟ್ಟಿಗರಿಗಿದೆ: ಅವರು ಬೇಗ ಏರಬಲ್ಲರು. ದಣಿವು ತಡೆದು ನಿಲ್ಲಿಸುವ ಮೊದಲೇ ಎತ್ತರ ಅವರನ್ನು ಹಿಡಿಯುತ್ತದೆ. ಸಂಜೆ ಊಟದ ಹೊತ್ತಿಗೆ ತಲೆನೋವು, ವಾಕರಿಕೆ, ರಾತ್ರಿ ನಿದ್ದೆಯಿಲ್ಲ, ಬೆಳಗ್ಗೆ ಅದೇ ಸ್ಥಿತಿಯಲ್ಲಿ ಬಂಡೆಯ ಏಣನ್ನು ಇಳಿಯಬೇಕು.

ಇಳಿಯುವುದು ಎಂದೆ. ನನ್ನ ವಾದದ ತಿರುಳು ಇರುವುದೇ ಇಲ್ಲಿ. ತಂಗುಮನೆಯ ಚಾರಣವೆಂದರೆ ಎಲ್ಲರೂ ಮಾತಾಡುವುದು ಏರಿನ ಬಗ್ಗೆ. ಬೀಳುವುದು ಹೆಚ್ಚಾಗಿ ಇಳಿಯುವಾಗ. ಆಸ್ಟ್ರಿಯದ ಆಲ್ಪ್ಸ್‌ನಲ್ಲಿ ಚಾರಣಿಗರು ಬಿದ್ದ ಪ್ರಕರಣಗಳನ್ನು ಒಂಬತ್ತು ವರ್ಷಗಳ ದಾಖಲೆಯಿಂದ ಒಟ್ಟುಹಾಕಿ ನೋಡಿದವರಿಗೆ ಸುಮಾರು ಮುಕ್ಕಾಲು ಪಾಲು ಇಳಿಯುವ ದಾರಿಯಲ್ಲೇ ಆದದ್ದು ಕಂಡಿತು. ಕಾರಣ ದೇಹದ ರಚನೆಯಲ್ಲಿದೆ. ಏರುವಾಗ ತೊಡೆಯ ಸ್ನಾಯು ಕುಗ್ಗುತ್ತ ಭಾರವನ್ನೆತ್ತುತ್ತದೆ. ಇಳಿಯುವಾಗ ಅದೇ ಸ್ನಾಯು ಹಿಗ್ಗುತ್ತಲೇ ಭಾರವನ್ನು ತಡೆಹಿಡಿಯಬೇಕು. ಎಳೆಗಳು ಹೆಚ್ಚು ನೋಯುವುದು, ಹರಿಯುವುದು ಈ ಕೆಲಸದಲ್ಲಿ. ಹೆಜ್ಜೆಗೆ ಒಂದು ಗೇಣಿನಂತೆ ಇಳಿದರೆ ಮಿಶಾಬೆಲ್‌ನಿಂದ ಸಾಸ್-ಫೇಗೆ 6,700 ಬಾರಿಯಾದರೂ ಮಂಡಿ ಈ ಪೆಟ್ಟನ್ನು ತಾಳಬೇಕು. ಇನ್ನೊಂದು ವಿಷಯ ಇದಕ್ಕಿಂತ ಕೆಟ್ಟದ್ದು. ಇಳಿಯುವಾಗ ಉಸಿರು ಕಟ್ಟುವುದಿಲ್ಲ, ಎದೆ ಬಡಿದುಕೊಳ್ಳುವುದಿಲ್ಲ. ಹೀಗಾಗಿ ದಣಿವನ್ನು ಎದೆಬಡಿತದಿಂದ ಅಳೆಯಲು ಕಲಿತ ಗಟ್ಟಿಗರಿಗೆ ತಮಗೇನೂ ಆಗಿಲ್ಲ ಎನಿಸುತ್ತದೆ. ಆ ಹೊತ್ತಿಗೆ ತೊಡೆ ತನ್ನ ಹಿಡಿತ ಕಳೆದುಕೊಂಡಿರುತ್ತದೆ, ಕಾಲು ಇಡಬೇಕೆಂದ ಜಾಗಕ್ಕಿಂತ ಎರಡು ಬೆರಳು ಆಚೆ ಬೀಳುತ್ತಿರುತ್ತದೆ. ಉಕ್ಕಿನ ಹಗ್ಗವಿರುವ ಬಂಡೆಯನ್ನು ಇಳಿಯುವವರನ್ನು ಹತ್ತಿರದಿಂದ ನೋಡಿದರೆ ಇದು ತಿಳಿಯುತ್ತದೆ. ಬಂಡೆಗೆ ಮುಖ ಮಾಡಿ, ಒಂದು ಕೈಯಲ್ಲಿ ಹಗ್ಗ ಹಿಡಿದು, ಕಣ್ಣಿಗೆ ಕಾಣದ ಕಬ್ಬಿಣದ ಗೂಟವನ್ನು ಶೂವಿನ ತುದಿಯಿಂದ ತಡಕಬೇಕು. ಗೂಟ ಸಿಗುವವರೆಗೆ ಇಡೀ ಮೈಭಾರ ಮೇಲಿನ ಮಡಿಸಿದ ಕಾಲಿನ ಮೇಲೆ. ಆ ಕಾಲು ನಡುಗಿದರೆ ತಡಕುವ ಕಾಲಿಗೆ ಅವಸರ ಹತ್ತುತ್ತದೆ. ಅವಸರದ ಕಾಲು ಗೂಟದ ಅಂಚಿನ ಮೇಲೆ ಕೂರುತ್ತದೆ. ಗಂಟೆಗೆ 600 ಮೀಟರ್ ಏರಬಲ್ಲ ಶ್ವಾಸಕೋಶ ಈ ಕ್ಷಣದಲ್ಲಿ ಯಾವ ಸಹಾಯಕ್ಕೂ ಬರುವುದಿಲ್ಲ.

ಸಮಯದ ವಿಷಯದಲ್ಲೂ ಕಸುವು ಹಾಗೇ ಮೋಸ ಮಾಡುತ್ತದೆ. ಬೇಸಿಗೆಯ ಆಲ್ಪ್ಸ್‌ನಲ್ಲಿ ಗುಡುಗು ಮಿಂಚು ಬರುವುದು ಹೆಚ್ಚಾಗಿ ಮಧ್ಯಾಹ್ನದ ಮೇಲೆ, ನೆಲ ಕಾದು ತೇವದ ಗಾಳಿ ಮೇಲೇರಿದಾಗ. ಬಂಡೆಯ ಏಣೆಂದರೆ ಸಿಡಿಲಿಗೆ ತೆರೆದ ಜಾಗ, ಅದರ ಉದ್ದಕ್ಕೂ ಬಿಗಿದ ಉಕ್ಕಿನ ಹಗ್ಗ ವಿದ್ಯುತ್ತಿಗೆ ರಾಜಮಾರ್ಗ. ಆದ್ದರಿಂದಲೇ ಬೆಳಗಿನ ಜಾವ ಹೊರಡಬೇಕೆಂಬ ಹಳೆಯ ಪದ್ಧತಿ. ಮೂರು ಗಂಟೆಯಲ್ಲಿ ಮುಟ್ಟಬಲ್ಲೆ ಎಂಬ ಭರವಸೆ ಇರುವವರು ಹನ್ನೊಂದಕ್ಕೆ ಹೊರಡುತ್ತಾರೆ. ನಿಧಾನಿಗಳು ತಮ್ಮ ನಿಧಾನವನ್ನು ಬಲ್ಲವರಾದ್ದರಿಂದ ಆರಕ್ಕೇ ಹೊರಟು ಮೋಡ ಕಟ್ಟುವ ಮೊದಲೇ ಬಾಗಿಲು ಮುಟ್ಟಿರುತ್ತಾರೆ. ಹಳೆಯ ಹಿಮದ ವಿಷಯವೂ ಹೀಗೇ. ಜುಲೈ ತಿಂಗಳಲ್ಲೂ ನೆರಳಿನ ಕೊರಕಲುಗಳಲ್ಲಿ ಗಟ್ಟಿ ಹಿಮದ ತುಂಡುಗಳು ಉಳಿದಿರುತ್ತವೆ. ದಾಟಬೇಕಾದದ್ದು ಹತ್ತೇ ಹೆಜ್ಜೆ ಇರಬಹುದು. ಜಾರಿದರೆ ಕೆಳಗಿನ ಬಂಡೆಗೆ ಬಡಿಯುವವರೆಗೆ ನಿಲ್ಲುವ ಮಾತಿಲ್ಲ. ಅಲ್ಲಿ ಬೇಕಾದ ಗುಣ ನಿಂತು ನೋಡುವುದು, ಬೇಕಿದ್ದರೆ ಹಿಂದಿರುಗುವುದು. ಸಾವಿರ ಮೀಟರ್ ಬಿರುಸಾಗಿ ಏರಿ ಬಂದವರಿಗೆ ಹತ್ತು ಹೆಜ್ಜೆಯ ಹಿಮಕ್ಕೆ ಹೆದರಿ ಹಿಂದಿರುಗುವುದು ಅವಮಾನವೆನಿಸುತ್ತದೆ. ತಾವು ಪಟ್ಟ ಶ್ರಮವೇ ಅವರ ಕಣ್ಣಿಗೆ ಕಟ್ಟಿದ ಬಟ್ಟೆಯಾಗುತ್ತದೆ.

ಇದಕ್ಕೆ ಬರುವ ಗಟ್ಟಿ ಆಕ್ಷೇಪಣೆಯೊಂದಿದೆ. ರಕ್ಷಣಾ ತಂಡದವರನ್ನು ಕೇಳಿ, ಸುಸ್ತಾಗಿ ಕೂತವರನ್ನು, ಮುಂದೆಯೂ ಹೋಗಲಾರದೆ ಹಿಂದೆಯೂ ಬರಲಾರದೆ ಸಿಕ್ಕಿಕೊಂಡವರನ್ನು ಹೊತ್ತು ತರುವುದೇ ಅವರ ಕೆಲಸವಾಗಿದೆ, ಅವರೆಲ್ಲ ತಯಾರಿಯಿಲ್ಲದೆ ಬಂದವರಲ್ಲವೇ ಎನ್ನುತ್ತಾರೆ. ಇಂಥವರು ಇದ್ದಾರೆ, ಅವರ ಸಂಖ್ಯೆ ಸಣ್ಣದಲ್ಲ. ಆದರೆ ಕೂತವರಿಗೂ ಬಿದ್ದವರಿಗೂ ವ್ಯತ್ಯಾಸವಿದೆ. ಕೂತವರು 1414ಕ್ಕೆ ಫೋನ್ ಮಾಡುತ್ತಾರೆ, 1952ರಿಂದ ರಕ್ಷಣೆಯ ಕೆಲಸ ಮಾಡುತ್ತ ಬಂದಿರುವ ರೇಗಾ ಸಂಸ್ಥೆಯ ಹೆಲಿಕಾಪ್ಟರ್ ಬರುತ್ತದೆ, ನಾಚಿಕೆಪಟ್ಟುಕೊಂಡಾದರೂ ಮನೆ ಸೇರುತ್ತಾರೆ. ಸ್ವಿಟ್ಜರ್ಲೆಂಡಿನಲ್ಲಿ ಪರ್ವತಗಳಲ್ಲಿ ಸಾಯುವವರ ಪೈಕಿ ಬರೀ ನಡೆಯಲು ಹೋದವರದೇ ದೊಡ್ಡ ಪಾಲು, ಮತ್ತು ಆ ಸಾವುಗಳಿಗೆ ಮುಖ್ಯ ಕಾರಣ ಬೀಳುವುದು. ಸುಸ್ತಿನ ಪ್ರಕರಣಗಳನ್ನು ಎಣಿಸಿ ಸಾವಿಗೆ ಮದ್ದು ಬರೆಯುವುದು ಸರಿಯಲ್ಲ. ಇನ್ನು ಸಿಕ್ಕಿಕೊಂಡವರ ಮಾತು. ಅವರಲ್ಲಿ ಎಷ್ಟೋ ಜನಕ್ಕೆ ತೊಡೆಯಲ್ಲಿ ಶಕ್ತಿ ಉಳಿದೇ ಇರುತ್ತದೆ. ಏರಿದ ಬಂಡೆಯನ್ನು ಇಳಿಯಲು ಬಾರದೆ ನಿಂತಿರುತ್ತಾರೆ. ಇಳಿಯಲಾರದ ಕಡೆಗೆ ಏರಬಾರದು ಎಂಬುದು ಅವರಿಗೆ ಯಾರೂ ಕಲಿಸದ ಪಾಠ.

ಹೃದಯದ ಮಾತು ಬೇರೆ, ಅಲ್ಲಿ ದಮ್ಮಿನ ವಾದಿಗಳಿಗೆ ಸಲ್ಲಬೇಕಾದ್ದು ಸಲ್ಲಬೇಕು. ಬೆಟ್ಟದಲ್ಲಿ ದಿಢೀರ್ ಹೃದಯ ನಿಂತು ಸಾಯುವವರ ಬಗ್ಗೆ ಇನ್ಸ್‌ಬ್ರುಕ್‌ನ ಮಾರ್ಟಿನ್ ಬುರ್ಚರ್ ಬಹುಕಾಲ ಅಧ್ಯಯನ ಮಾಡಿದ್ದಾರೆ. ಸತ್ತವರಲ್ಲಿ ಬಹುಪಾಲು ಗಂಡಸರು, ನಡುವಯಸ್ಸು ಮತ್ತು ಅದಕ್ಕೆ ಮೇಲ್ಪಟ್ಟವರು. ಹಿಂದೆ ಹೃದಯಾಘಾತ ಆದವರಿಗೆ, ಇಂಥ ಶ್ರಮದ ರೂಢಿ ಇಲ್ಲದವರಿಗೆ ಅಪಾಯ ಹೆಚ್ಚು. ನಿಯಮಿತ ವ್ಯಾಯಾಮ ಇಲ್ಲಿ ನಿಜಕ್ಕೂ ಕಾಪಾಡುತ್ತದೆ. ಆದರೆ ಅದೇ ಅಧ್ಯಯನಗಳಲ್ಲಿ ಇನ್ನೂ ಒಂದು ಸಂಗತಿ ಇದೆ: ಎತ್ತರದಲ್ಲಿ ಕಳೆಯುವ ಮೊದಲ ದಿನವೇ ಹೆಚ್ಚು ಅಪಾಯದ ದಿನ. ಊರಿನಿಂದ ನೇರವಾಗಿ ಬಂದು ಅಂದೇ ಕಠಿಣ ದಾರಿ ಹಿಡಿಯಬೇಡಿ, ಒಂದು ರಾತ್ರಿ ಕಣಿವೆಯಲ್ಲಿ ಮಲಗಿ, ಮೊದಲ ದಿನ ಹಗುರವಾಗಿ ನಡೆಯಿರಿ ಎಂಬುದು ಅದರಿಂದ ಹೊರಡುವ ಬುದ್ಧಿಮಾತು. ಅದೂ ವಿವೇಚನೆಯ ಮಾತೇ. ಸದಾ ನಡೆಯುವ ರೂಢಿಯ ದೇಹ ಬೇಕು ಎಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ರೂಢಿಯ ದೇಹ ಸಿಕ್ಕ ಮೇಲೆ ಮತ್ತಷ್ಟು ಬಲ ಸೇರಿಸಿದಷ್ಟೂ ಸುರಕ್ಷತೆ ಹೆಚ್ಚುತ್ತದೆ ಎಂಬ ಲೆಕ್ಕವನ್ನು ಮಾತ್ರ ಅಲ್ಲಗಳೆಯುತ್ತೇನೆ.

ಕಿಲಿಯನ್ ಜೋರ್ನೆಟ್ ಹೆಸರನ್ನು ಆಕ್ಷೇಪಣೆಯಾಗಿ ಮುಂದಿಡುವವರಿದ್ದಾರೆ. 2013ರಲ್ಲಿ ಇಟಲಿಯ ಬ್ರೂಯಿಲ್-ಚೆರ್ವೀನಿಯ ಊರಿನಿಂದ ಹೊರಟು ಮ್ಯಾಟರ್‌ಹಾರ್ನ್ ಶಿಖರ ಮುಟ್ಟಿ ಮೂರು ಗಂಟೆಯೊಳಗೆ ಹಿಂದಿರುಗಿದವರು ಅವರು. ಬಲ ಮತ್ತು ವೇಗವೇ ಸುರಕ್ಷತೆ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೇ ಎನ್ನುತ್ತಾರೆ. ಆದರೆ ಜೋರ್ನೆಟ್ ಬೆಳೆದದ್ದು ಎಲ್ಲಿ ಎಂಬುದನ್ನು ಇವರು ಬಿಟ್ಟುಬಿಡುತ್ತಾರೆ. ಅವರ ಬಾಲ್ಯ ಕಳೆದದ್ದು ಪಿರನೀಸ್ ಪರ್ವತದ ಒಂದು ತಂಗುಮನೆಯಲ್ಲಿ. ಅದನ್ನು ನೋಡಿಕೊಳ್ಳುತ್ತಿದ್ದವರು ಅವರ ತಂದೆ. ಸುಮಾರು 2,000 ಮೀಟರ್ ಎತ್ತರದಲ್ಲಿ ಅಂಬೆಗಾಲಿಟ್ಟು, ಶಾಲೆಯ ಮೆಟ್ಟಿಲು ಹತ್ತುವ ಮೊದಲೇ ಬೆಟ್ಟ ಹತ್ತಿದವರ ಪಾದ ನೆಲವನ್ನು ಓದುವ ರೀತಿಯನ್ನು ಜಿಮ್‌ನಲ್ಲಿ ಸಂಪಾದಿಸಲಾಗದು. ಅವರ ವೇಗ ನೆಲದ ತಿಳಿವಿನಿಂದ ಬಂದದ್ದು. ಅವರ ಶ್ವಾಸಕೋಶವನ್ನು ಮಾತ್ರ ಅನುಕರಿಸಲು ಹೊರಡುವವರು ಅರ್ಧಕ್ಕಿಂತ ಕಡಿಮೆ ಪಾಠ ಓದಿ ಪರೀಕ್ಷೆಗೆ ಕೂರುತ್ತಿದ್ದಾರೆ, ಮತ್ತು ಈ ಪರೀಕ್ಷೆಯಲ್ಲಿ ಮರುಪರೀಕ್ಷೆ ಇಲ್ಲ.

ಪರ್ವತವೇ ಬದಲಾಗುತ್ತಿರುವ ಈ ಕಾಲದಲ್ಲಂತೂ ದಮ್ಮಿನ ಸೂತ್ರ ಇನ್ನೂ ಟೊಳ್ಳು. ಆಲೆಚ್ ಹಿಮನದಿಯ ದಂಡೆಯ ಮೇಲೆ 1877ರಲ್ಲಿ ಮೊದಲ ಕಾಂಕಾರ್ಡಿಯ ತಂಗುಮನೆ ಕಟ್ಟಿದಾಗ ಹಿಮದ ಮೈ ಅದಕ್ಕೆ ಹತ್ತಿರವೇ ಇತ್ತು. ಹಿಮ ಕರಗಿ ಕುಸಿಯುತ್ತ ಹೋದಂತೆ ಮನೆ ಬಂಡೆಯ ಮೇಲೆ ಎತ್ತರದಲ್ಲಿ ಉಳಿಯಿತು. ಈಗ ಅಲ್ಲಿಗೆ ನೂರಾರು ಲೋಹದ ಮೆಟ್ಟಿಲು ಹತ್ತಬೇಕು, ಹಿಮ ಇಳಿದಂತೆಲ್ಲ ಕೆಳಗಡೆ ಹೊಸ ಮೆಟ್ಟಿಲು ಜೋಡಿಸುತ್ತಾರೆ. ಎತ್ತರದ ಬಂಡೆಗಳನ್ನು ಒಳಗಿನಿಂದ ಬೆಸೆದಿದ್ದ, ವರ್ಷವಿಡೀ ಕರಗದ ಮಂಜುಗಡ್ಡೆ ಸಡಿಲಗೊಳ್ಳುತ್ತಿದೆ. 2022ರ ಜುಲೈನಲ್ಲಿ ಸ್ವಿಟ್ಜರ್ಲೆಂಡಿನ ಆಕಾಶದಲ್ಲಿ ಸೊನ್ನೆ ಡಿಗ್ರಿಯ ಗೆರೆ 5,184 ಮೀಟರಿಗೆ ಏರಿತ್ತು. ಮರುವರ್ಷ ಆಗಸ್ಟ್‌ನಲ್ಲಿ 5,298 ಮೀಟರಿಗೆ. ಆಲ್ಪ್ಸ್‌ನ ಅತಿ ಎತ್ತರದ ಶಿಖರಕ್ಕಿಂತಲೂ ಮೇಲೆ. ಆ ಎರಡು ವರ್ಷಗಳಲ್ಲೇ ಸ್ವಿಸ್ ಹಿಮನದಿಗಳು ತಮ್ಮ ಗಾತ್ರದ ಹತ್ತನೇ ಒಂದು ಪಾಲನ್ನು ಕಳೆದುಕೊಂಡವು. 2022ರ ಆಗಸ್ಟ್‌ನಲ್ಲಿ ಮೌಂಟ್ ಬ್ಲಾಂಕ್‌ನ ದಾರಿಯ ಟೇಟ್ ರೂಸ್ ಮತ್ತು ಗೂಟೆ ತಂಗುಮನೆಗಳನ್ನು ಕಲ್ಲು ಬೀಳುವ ಭಯಕ್ಕೆ ಮುಚ್ಚಬೇಕಾಯಿತು. ಆ ಎರಡು ಮನೆಗಳ ನಡುವಿನದು ನಡೆದಾರಿಗಿಂತ ಕಷ್ಟದ ದಾರಿ, ನಿಜ. ಆದರೂ 1990ರಿಂದ 2011ರವರೆಗೆ ಅಲ್ಲಿ ಸತ್ತ 74 ಜನ ದುರ್ಬಲರಾಗಿದ್ದರು ಎಂದು ಯಾರೂ ಹೇಳಲಾರರು. ದುರ್ಬಲರು ಅಲ್ಲಿಯವರೆಗೆ ಬರುವುದೇ ಇಲ್ಲ. ಇಂಥ ಪರ್ವತದಲ್ಲಿ ಐದು ವರ್ಷ ಹಳೆಯ ವರ್ಣನೆಯನ್ನು ನಂಬಿ ಹೊರಡುವುದು ಸಲ್ಲದು. ತಂಗುಮನೆಗೆ ಹಿಂದಿನ ದಿನ ಒಂದು ಫೋನ್ ಮಾಡಿ ದಾರಿ ಹೇಗಿದೆ, ಹಿಮ ಎಲ್ಲಿ ಉಳಿದಿದೆ, ಕಲ್ಲು ಉದುರುತ್ತಿದೆಯೇ ಎಂದು ಕೇಳುವುದು ಎಂಟು ವಾರದ ಬಸ್ಕಿಗಿಂತ ಹೆಚ್ಚು ಬೆಲೆಯ ಸಿದ್ಧತೆ.

ತಂಗುಮನೆ ಎಂಬ ಕಲ್ಪನೆ ಹುಟ್ಟಿದ್ದೂ ಈ ವಿವೇಚನೆಯಿಂದಲೇ. ಸ್ವಿಸ್ ಆಲ್ಪೈನ್ ಕ್ಲಬ್ ಸ್ಥಾಪನೆಯಾದದ್ದು 1863ರಲ್ಲಿ. ಅದೇ ವರ್ಷ ಟ್ಯೋಡಿ ಪರ್ವತದ ಮೇಲೆ ತನ್ನ ಮೊದಲ ಆಸರೆಯಾದ ಗ್ರ್ಯೂನ್‌ಹಾರ್ನ್ ತಂಗುಮನೆಯನ್ನು ಕಟ್ಟಿತು. ಶಕ್ತರೆಲ್ಲ ಒಂದೇ ಹಗಲಿನಲ್ಲಿ ಏರಿ ಇಳಿಯಬಲ್ಲರು ಎಂದುಕೊಂಡಿದ್ದರೆ ಅದರ ಅಗತ್ಯವೇ ಇರಲಿಲ್ಲ. ಮನುಷ್ಯರು ದಣಿಯುತ್ತಾರೆ, ಹವೆ ಕೆಡುತ್ತದೆ, ಕತ್ತಲಾಗುತ್ತದೆ ಎಂಬ ಅರಿವಿನ ಮೇಲೆ ಎದ್ದ ಗೋಡೆಗಳು ಅವು. ಕ್ಲಬ್ಬಿನ ತಂಗುಮನೆಗಳಲ್ಲಿ ನೋಡಿಕೊಳ್ಳುವವರು ಇಲ್ಲದ ಕಾಲದಲ್ಲೂ ಒಂದು ಕೋಣೆ ತೆರೆದೇ ಇರುವುದು, ಬಂದವರು ತಮ್ಮ ಹೆಸರನ್ನೂ ನಾಳೆ ಹೋಗುವ ಕಡೆಯನ್ನೂ ಪುಸ್ತಕದಲ್ಲಿ ಬರೆದಿಡುವುದು, ಕಾಣೆಯಾದರೆ ಹುಡುಕುವವರು ಮೊದಲು ಆ ಪುಟ ತೆರೆಯುವುದು ಇವೆಲ್ಲ ಅದೇ ಅರಿವಿನ ಪದ್ಧತಿಗಳು. ಈಗ ಅಲ್ಲಿಗೆ ಹೋಗಿ ಒಂದು ಸೂಪು ಕುಡಿದು, ಒಂದು ಫೋಟೊ ತೆಗೆದು, ಅಂದೇ ಇಳಿದುಬಿಡುವುದು ಶೂರತನದ ಲೆಕ್ಕಕ್ಕೆ ಸೇರಿದೆ. ರಾತ್ರಿ ತಂಗುವವರು ಕೈಲಾಗದವರು ಎಂಬ ಭಾವನೆ ಹರಡಿದೆ. ಮಿಶಾಬೆಲ್‌ಗೆ 1,540 ಮೀಟರ್ ಏರಿದ ತೊಡೆಯಲ್ಲೇ ಅಂದೇ 1,540 ಮೀಟರ್ ಇಳಿಯುವುದೆಂದರೆ ಆ ಮನೆ ಕೊಡಲು ನಿಂತಿರುವ ಒಂದು ರಾತ್ರಿಯ ವಿಶ್ರಾಂತಿಯನ್ನು ಬೇಡವೆಂದು ತಳ್ಳಿ, ಅತ್ಯಂತ ಅಪಾಯದ ಕೆಲಸವನ್ನು ಅತ್ಯಂತ ದಣಿದ ಗಳಿಗೆಗೆ ಎತ್ತಿಡುವುದು.

ವಿವೇಚನೆಯನ್ನು ಕಲಿಸಲಾಗದು, ಕಸುವನ್ನಾದರೂ ಬೆಳೆಸಬಹುದು, ಆದ್ದರಿಂದ ಕಸುವಿನ ಸಲಹೆಯೇ ಉಪಯುಕ್ತ ಎಂದು ಕೆಲವರು ವಾದಿಸುತ್ತಾರೆ. ವಿವೇಚನೆ ಅಷ್ಟು ನಿಗೂಢವಾದದ್ದೇನಲ್ಲ, ಅದರ ಬಹುಭಾಗವನ್ನು ಅಂಕಿಗಳಲ್ಲೇ ಹೇಳಬಹುದು. ಮೊದಲ ಒಂದು ಗಂಟೆಯಲ್ಲಿ ಎಷ್ಟು ಮೀಟರ್ ಏರಿದಿರಿ ಎಂದು ನೋಡಿ, 300 ಆಗಿದ್ದರೆ ಮಿಶಾಬೆಲ್‌ಗೆ ಐದು ಗಂಟೆ ಬೇಕೆಂದು ಅಲ್ಲೇ ತಿಳಿಯುತ್ತದೆ. ಮಧ್ಯಾಹ್ನ ಇಷ್ಟು ಗಂಟೆಗೆ ಎಲ್ಲಿದ್ದರೂ ಹಿಂದಿರುಗುತ್ತೇವೆ ಎಂದು ಊರಲ್ಲೇ ನಿಶ್ಚಯಿಸಿ ಜೊತೆಯವರಿಗೆ ಹೇಳಿಡಬಹುದು. ಟಿ3 ದಾರಿಯನ್ನು ಇಳಿಯುವಾಗ ಎಲ್ಲೂ ಅಳುಕಲಿಲ್ಲ ಎಂದಾದ ಮೇಲೆಯೇ ಟಿ4 ಎಂದು ಪಟ್ಟು ಹಿಡಿಯಬಹುದು. ಬೆಂಗಳೂರಿನಲ್ಲಿ ಅಪಾರ್ಟ್‌ಮೆಂಟಿನ ಮೆಟ್ಟಿಲು ಹತ್ತಿ, ಲಿಫ್ಟಿನಲ್ಲಿ ಇಳಿದು, ಮತ್ತೆ ಹತ್ತುತ್ತ ತಯಾರಿ ಮಾಡುವವರಿಗೆ ನನ್ನ ಮನವಿ ಇಷ್ಟೇ: ಇಳಿಯುವುದನ್ನೂ ಕಾಲಲ್ಲೇ ಮಾಡಿ, ಅದೂ ನಿಧಾನವಾಗಿ. ನಂದಿಬೆಟ್ಟಕ್ಕೋ ಸಾವನದುರ್ಗಕ್ಕೋ ಹೋದರೆ ಏರಿದ ಸಮಯ ಬರೆದುಕೊಳ್ಳುವ ಬದಲು ಬಂಡೆಯ ಮೇಲೆ ಇಳಿಯುವಾಗ ಪಾದ ಎಷ್ಟು ಸಲ ಜಾರಿತು ಎಂದು ಗಮನಿಸಿ. ಹೀಗೆ ಹೇಳಿದರೆ ಜನ ಬೆಟ್ಟಕ್ಕೆ ಹೆದರುತ್ತಾರೆ, ಪರ್ವತ ಕೆಲವೇ ಬಲ್ಲವರ ಸ್ವತ್ತಾಗುತ್ತದೆ ಎನ್ನುವವರಿಗೆ ನಾನು ತಿರುಗಿ ಕೇಳುವುದು ಒಂದಿದೆ. ಇವತ್ತು ಪರ್ವತ ಯಾರ ಸ್ವತ್ತಾಗಿದೆ? ಗಟ್ಟಿಮುಟ್ಟಾದ ಯುವಕರದು. ಬೆಳಗ್ಗೆ ಬೇಗ ಎದ್ದು, ಗಂಟೆಗೆ 300 ಮೀಟರ್ ಏರುತ್ತ, ಮೋಡ ಕಟ್ಟುವ ಮೊದಲು ಬಾಗಿಲು ಮುಟ್ಟಿ, ರಾತ್ರಿ ಮಲಗಿ, ಬೆಳಗಿನ ಗಟ್ಟಿ ಕಾಲಿನಲ್ಲಿ ಇಳಿದುಬರುವ ಅರವತ್ತರ ಹೆಂಗಸಿಗೆ ಆ ದಾರಿ ತೆರೆದುಕೊಳ್ಳುವುದು ಕಸುವಿನ ಮಾತನ್ನು ಬದಿಗಿಟ್ಟಾಗ.

ಕ್ಲಬ್ಬುಗಳೂ ಮಾಡಬೇಕಾದ ಒಂದು ಕೆಲಸವಿದೆ. ಎತ್ತರದ ತಂಗುಮನೆಗಳಲ್ಲಿ ಈಗ ಹಾಸಿಗೆಯನ್ನು ಮೊದಲೇ ಕಾದಿರಿಸಬೇಕು, ತಡವಾಗಿ ರದ್ದು ಮಾಡಿದರೆ ಹಣ ಕಟ್ಟಬೇಕಾಗಬಹುದು. ಅಡುಗೆಗೆ ಸಾಮಾನು ಹೆಲಿಕಾಪ್ಟರಿನಲ್ಲಿ ಬರುವ ಜಾಗದಲ್ಲಿ, ಹೇಳಿ ಬಾರದವರಿಂದ ನಷ್ಟವಾಗುತ್ತದೆ ಎಂಬುದು ನ್ಯಾಯದ ಮಾತೇ. ಆದರೆ ದಾರಿಯ ನಡುವೆ ಮೋಡ ನೋಡಿ, ಹಿಮ ನೋಡಿ, ಜೊತೆಯವರ ಕಾಲು ನಡುಗುವುದನ್ನು ನೋಡಿ ಹಿಂದಿರುಗಲು ಯೋಚಿಸುತ್ತಿರುವವರ ಮನಸ್ಸಿನಲ್ಲಿ ಆ ಹಣವೂ ಒಂದು ತೂಕವಾಗಿ ಕೂರುತ್ತದೆ. ಹಾಗೆ ಹಿಂದಿರುಗಿ, ಮಧ್ಯಾಹ್ನದೊಳಗೆ ಫೋನ್ ಮಾಡಿ ತಿಳಿಸಿದವರಿಂದ ಒಂದು ಫ್ರಾಂಕನ್ನೂ ತೆಗೆದುಕೊಳ್ಳಬಾರದು. ಆ ಫೋನಿನಿಂದ ಅವರನ್ನು ಹುಡುಕಲು ಹೊರಡುವ ಕೆಲಸವೂ ತಪ್ಪುತ್ತದೆ. ಬರುವ ನಷ್ಟವನ್ನು ಅಂದು ಮನೆ ಮುಟ್ಟಿದವರ ಬಾಡಿಗೆಯ ಮೇಲೆ ಹಂಚಿದರೆ ತಲೆಗೆ ಬೀಳುವುದು ಹೆಚ್ಚೇನೂ ಆಗಲಾರದು, ಮತ್ತು ಮುಟ್ಟಿದವರು ಅದನ್ನು ಕೊಡಲು ಹಿಂಜರಿಯಬಾರದು.